ವಾಷಿಂಗ್ ಮೆಷಿನ್ ಬಾಗಿಲು ತೆರೆಯುತ್ತಿಲ್ಲ: ಬಲವಾಗಿ ಎಳೆಯುವ ಮೊದಲು ಏನೇನು ನೋಡಬೇಕು?

ವಿಜಯನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಏಳು ಕಿಲೋ ಸಾಮರ್ಥ್ಯದ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್. ವಾರಂಟಿ ಮುಗಿದಿದೆ. ಇವತ್ತು ಬೆಳಿಗ್ಗೆ ಬಟ್ಟೆ ಒಗೆಯುವುದು ಮುಗಿದು ಜಾಲಿಸುವ ಹಂತಕ್ಕೆ ಬಂದಿದ್ದಾಗ ಕರೆಂಟು ಹೋಯಿತು. ಮತ್ತೆ ಬಂದ ಮೇಲೆ ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ನಿಂತುಬಿಟ್ಟಿತು, ಬಾಗಿಲೂ ತೆರೆದುಕೊಳ್ಳುತ್ತಿಲ್ಲ. ಗಾಜಿನೊಳಗೆ ನೋಡಿದರೆ ನೀರೇನೂ ಕಾಣುವುದಿಲ್ಲ, ಬಟ್ಟೆ ಮಾತ್ರ ತೊಯ್ದು ಮುದ್ದೆಯಾಗಿ ಬಿದ್ದಿದೆ. ಮಗಳ ಶಾಲೆಯ ಸಮವಸ್ತ್ರ ಅದರೊಳಗೇ ಇದೆ. ಹ್ಯಾಂಡಲನ್ನು ಒಮ್ಮೆ ಜೋರಾಗಿ ಎಳೆದರೆ ಬಂದುಬಿಡುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ, ಆದರೆ ನನಗೆ ಧೈರ್ಯವಾಗುತ್ತಿಲ್ಲ. ಮೆಕ್ಯಾನಿಕ್ ನಾಳೆ ಸಂಜೆ ಬರುವುದಾಗಿ ಹೇಳಿದ್ದಾರೆ. ಅಷ್ಟರೊಳಗೆ ನಾವೇ ನೋಡಬಹುದಾದದ್ದು ಏನಾದರೂ ಇದ್ದರೆ ತಿಳಿದವರು ದಯವಿಟ್ಟು ತಿಳಿಸಬೇಕು.

ಬನಶಂಕರಿ ಗೃಹಿಣಿ

ದಯವಿಟ್ಟು ಎಳೆಯಬೇಡಿ ಸರ್. ಮೊದಲು ಪ್ಯಾನೆಲ್ ಮೇಲೆ ಬೀಗದ ಅಥವಾ ಮಗುವಿನ ಮುಖದ ಗುರುತು ಉರಿಯುತ್ತಿದೆಯೇ ನೋಡಿ. ಚೈಲ್ಡ್ ಲಾಕ್ ಆಗಿದ್ದರೆ ಗುಂಡಿಗಳು ಕೆಲಸ ಮಾಡುವುದಿಲ್ಲ. ಕೆಲವು ಮಾದರಿಗಳಲ್ಲಿ ಬಾಗಿಲೂ ಅದರೊಡನೆ ಬಿಗಿದುಕೊಂಡಿರುತ್ತದೆ. ಸಾಮಾನ್ಯವಾಗಿ ಆ ಗುರುತಿರುವ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಅದು ಬಿಟ್ಟುಕೊಳ್ಳುತ್ತದೆ. ಅದಲ್ಲದಿದ್ದರೆ ಗೋಡೆಯ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಮೆಲ್ಲಗೆ ತೆರೆದು ನೋಡಿ.

ಯಶವಂತಪುರ, ದುರಸ್ತಿ ಕೆಲಸ

ನಾನು ಹಲವು ವರ್ಷಗಳಿಂದ ಮನೆಮನೆಗೆ ಹೋಗಿ ಇದೇ ಕೆಲಸ ಮಾಡುತ್ತಿದ್ದೇನೆ. ಬಾಗಿಲು ತೆರೆಯುತ್ತಿಲ್ಲವೆಂದು ಕರೆ ಬಂದಾಗ ಬಹಳ ಸಲ ಬಾಗಿಲು ಕೆಟ್ಟೇ ಇರುವುದಿಲ್ಲ. ತೆರೆಯಬಾರದ ಸ್ಥಿತಿಯಲ್ಲಿ ತೆರೆಯದೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಆದ್ದರಿಂದ ಅದನ್ನು ಹಿಡಿದುಕೊಂಡಿರುವುದು ಒಳಗಿನ ನೀರೋ, ನೀರಿನ ಬಿಸಿಯೋ, ಲಾಕೋ ಅಥವಾ ಹ್ಯಾಂಡಲಿನ ಕೊಕ್ಕೆಯೋ ಎಂದು ಗೊತ್ತಾಗುವ ತನಕ ಬಲಪ್ರಯೋಗ ಮಾಡಬಾರದು. ಹಾಗೆ ಎಳೆದಾಗ ಮೊದಲು ಮುರಿಯುವುದು ಪ್ಲಾಸ್ಟಿಕ್ಕಿನ ಹ್ಯಾಂಡಲ್. ಆಮೇಲೆ ಕೊಕ್ಕೆಯ ಪಿನ್ನು ಜಾರಿ ಸ್ಪ್ರಿಂಗ್ ಹಾರಿಹೋಗುತ್ತದೆ, ಬಾಗಿಲು ಮಾತ್ರ ಮುಚ್ಚಿದಂತೆಯೇ ಉಳಿಯುತ್ತದೆ.

ಒಳಗೆ ನಡೆಯುವುದು ಇಷ್ಟು. ಬಾಗಿಲು ಮುಚ್ಚಿದಾಗ ಹ್ಯಾಂಡಲಿನ ಕೊಕ್ಕೆ ಯಂತ್ರದ ಮುಂಭಾಗದ ಸಂದಿನೊಳಗೆ ಹೊಕ್ಕು ಲಾಕಿಗೆ ಸಿಕ್ಕಿಕೊಳ್ಳುತ್ತದೆ. ಅಷ್ಟಕ್ಕೇ ಬೀಗ ಬೀಳುವುದಿಲ್ಲ. ಸ್ಟಾರ್ಟ್ ಒತ್ತಿದ ಮೇಲೆ ಲಾಕಿನೊಳಗಿನ ಪುಟ್ಟ ಹೀಟರಿಗೆ ಕರೆಂಟು ಹೋಗಿ, ಅದು ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಪಟ್ಟಿಯೊಂದನ್ನು ಕಾಯಿಸುತ್ತದೆ. ಕಾದ ಪಟ್ಟಿ ಬಾಗಿ ಒಂದು ಪಿನ್ನನ್ನು ತಳ್ಳುತ್ತದೆ, ಆ ಪಿನ್ನು ಕೊಕ್ಕೆ ಹಿಂದೆ ಸರಿಯದಂತೆ ತಡೆಯುತ್ತದೆ. ನಿಮಗೆ ಕೇಳಿಸುವ ‘ಟಕ್’ ಎಂಬ ಸದ್ದು ಅದೇ. ಆ ಸದ್ದಾದ ಮೇಲೆಯೇ ಮೋಟರಿಗೆ ಕರೆಂಟು ಹೋಗುವ ದಾರಿ ತೆರೆಯುತ್ತದೆ. ಕರೆಂಟು ನಿಂತ ಕೂಡಲೇ ಬಾಗಿಲು ಬಿಡದಿರುವುದಕ್ಕೂ ಕಾರಣ ಇದೇ: ಪಟ್ಟಿ ತಣ್ಣಗಾಗಲು ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ತಿರುಗುತ್ತಿದ್ದ ಡ್ರಮ್ಮೂ ನಿಂತಿರುತ್ತದೆ.

ನಿಮ್ಮ ಯಂತ್ರ ಗುಂಯ್‌ಗುಟ್ಟಿ ನಿಂತಿತು ಎಂದಿರಿ. ಅದು ನೀರು ಹೊರಹಾಕುವ ಪಂಪಿನ ಸದ್ದಾಗಿರಬೇಕು. ಪಂಪು ತಿರುಗಿಯೂ ನೀರು ಹೋಗಿಲ್ಲ ಎಂಬುದು ನನ್ನ ಅನುಮಾನ. ಗಾಜಿನಲ್ಲಿ ನೀರು ಕಾಣುತ್ತಿಲ್ಲವೆಂದು ನೀರಿಲ್ಲವೆಂದು ತಿಳಿಯಬೇಡಿ. ತೂತುಗಳಿರುವ ಡ್ರಮ್ಮಿನ ಹೊರಗೆ ಇನ್ನೊಂದು ಟಬ್ ಇರುತ್ತದೆ, ಬಾಗಿಲಿನ ಕೆಳ ಅಂಚಿಗಿಂತ ಕೆಳಗೆ ಅದರಲ್ಲಿ ಲೀಟರುಗಟ್ಟಲೆ ನೀರು ನಿಲ್ಲಬಲ್ಲದು.

ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತಿಡಿ. ಬಿಸಿನೀರಿನಲ್ಲಿ ಒಗೆಯಲು ಹಾಕಿದ್ದರೆ ಆರುವ ತನಕ ಕಾಯಿರಿ, ಏಕೆಂದರೆ ಅರವತ್ತು ಡಿಗ್ರಿಯ ನೀರು ಕೈ ಸುಡುತ್ತದೆ. ಯಂತ್ರದ ಮುಂಭಾಗದಲ್ಲಿ, ಕೆಳಗೆ, ಸಾಮಾನ್ಯವಾಗಿ ಬಲಗಡೆ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದನ್ನು ತೆರೆದರೆ ಡ್ರೈನ್ ಫಿಲ್ಟರ್ ಸಿಗುತ್ತದೆ. ಕೆಲವು ಮಾದರಿಗಳಲ್ಲಿ ಅದರ ಪಕ್ಕದಲ್ಲೇ ಬಿರಡೆ ಹಾಕಿದ ಸಣ್ಣ ರಬ್ಬರ್ ಪೈಪೂ ಇರುತ್ತದೆ. ಅಲ್ಲಿ ಬಕೆಟ್ ಹಿಡಿಸುವುದಿಲ್ಲ, ಅಗಲವಾದ ತಟ್ಟೆಯನ್ನೋ ಬೇಸಿನ್ನನ್ನೋ ಇಟ್ಟು ಸುತ್ತ ಹಳೆಯ ಬಟ್ಟೆ ಹಾಸಿ. ಪೈಪ್ ಇದ್ದರೆ ಬಿರಡೆ ತೆಗೆದು ಮೊದಲು ಅದರಿಂದ ನೀರು ಬಸಿಯಿರಿ. ಇಲ್ಲದಿದ್ದರೆ ಫಿಲ್ಟರನ್ನು ಅಪ್ರದಕ್ಷಿಣವಾಗಿ ಸ್ವಲ್ಪವೇ ಸಡಿಲಿಸಿ, ತಟ್ಟೆ ತುಂಬಿದಾಗ ಬಿಗಿಮಾಡಿ ಚೆಲ್ಲಿ, ಮತ್ತೆ ಸಡಿಲಿಸಿ. ನೀರೆಲ್ಲ ಹೋದ ಮೇಲೆ ಫಿಲ್ಟರನ್ನು ಪೂರ್ತಿ ಹೊರಗೆಳೆದು, ಅದರ ಹಿಂದಿನ ಗೂಡಿನಲ್ಲಿ ಪಂಪಿನ ರೆಕ್ಕೆಗೆ ನಾಣ್ಯ, ಗುಂಡಿ, ಹೇರ್‌ಪಿನ್ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಅದೇ ಮುಚ್ಚಳದ ಹಿಂದೆ ಕೆಲವು ಯಂತ್ರಗಳಲ್ಲಿ ಕಿತ್ತಳೆ ಅಥವಾ ಕೆಂಪು ಬಣ್ಣದ ಎಳೆಪಟ್ಟಿಯೊಂದು ಇರುತ್ತದೆ. ಬಾಗಿಲನ್ನು ತುರ್ತಾಗಿ ಬಿಡಿಸಲು ಇಟ್ಟಿರುವುದು ಅದು. ನೀರು ಪೂರ್ತಿ ಬಸಿದ ಮೇಲೆ ಮಾತ್ರ ಅದನ್ನು ಕೆಳಕ್ಕೆ ಎಳೆಯಬೇಕು.

ಜಯನಗರ, ನಿವೃತ್ತ ವಿದ್ಯುತ್ ಎಂಜಿನಿಯರ್

ಮೇಲಿನ ವಿವರಣೆ ಸೊಗಸಾಗಿದೆ, ಆದರೆ ಅದಕ್ಕೊಂದು ಸೇರ್ಪಡೆ ಬೇಕು. ಕಾದು ಬಾಗುವ ಪಟ್ಟಿಯ ಲಾಕ್ ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ. ಈಚಿನ ಹಲವು ಮಾದರಿಗಳಲ್ಲಿ ವಿದ್ಯುತ್ಕಾಂತದ ಸುರುಳಿಯಿರುವ ಲಾಕ್ ಇರುತ್ತದೆ. ಕ್ಷಣಮಾತ್ರದ ವಿದ್ಯುತ್ತಿನಿಂದ ಅದು ಬೀಳುತ್ತದೆ, ಇನ್ನೊಮ್ಮೆ ಅಂಥದೇ ವಿದ್ಯುತ್ ಬಂದರೆ ತೆರೆಯುತ್ತದೆ. ನಡುವೆ ಕರೆಂಟು ಹೋದರೆ ಬಿದ್ದ ಲಾಕ್ ಹಾಗೆಯೇ ಉಳಿಯುತ್ತದೆ. ಅಂಥ ಯಂತ್ರವನ್ನು ಆರಿಸಿಟ್ಟು ಇಡೀ ದಿನ ಕಾದರೂ ಪ್ರಯೋಜನವಿಲ್ಲ. ಅದಕ್ಕೆ ಕರೆಂಟು ಕೊಟ್ಟು, ನೀರು ಹೊರಹಾಕುವ ಅಥವಾ ಹಿಂಡುವ ಹಂತವನ್ನು ಮಾತ್ರ ಆಯ್ದು, ಅದು ಕೊನೆಯವರೆಗೆ ನಡೆಯಲು ಬಿಡಬೇಕು. ತಮ್ಮದು ಯಾವುದು ಎಂದು ಕಿವಿಯಿಂದಲೇ ಊಹಿಸಬಹುದು: ಸ್ಟಾರ್ಟ್ ಒತ್ತಿ ಕೆಲವು ಸೆಕೆಂಡ್ ಕಳೆದ ಮೇಲೆ ಟಕ್ ಎಂದರೆ ಪಟ್ಟಿಯ ಲಾಕ್, ಒತ್ತಿದೊಡನೆ ಗಟ್ಟಿಯಾಗಿ ಸದ್ದಾದರೆ ಸುರುಳಿಯ ಲಾಕ್.

ಇನ್ನೊಂದು ಸಾಧ್ಯತೆಯೂ ಇದೆ. ಟಬ್ಬಿನ ತಳದಿಂದ ಮೇಲಕ್ಕೆ ಹೋಗುವ ತೆಳುವಾದ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯ ಒತ್ತಡದಿಂದ ಯಂತ್ರವು ನೀರಿನ ಮಟ್ಟವನ್ನು ಅಳೆಯುತ್ತದೆ. ಆ ಪೈಪಿನ ಬಾಯಿಯಲ್ಲಿ ಸೋಪಿನ ಗಷ್ಟು ಕಟ್ಟಿಕೊಂಡರೆ ಟಬ್ ಖಾಲಿಯಾದರೂ ಒತ್ತಡ ಇಳಿಯುವುದಿಲ್ಲ, ಹಾಗಾಗಿ ಒಳಗೆ ನೀರಿದೆಯೆಂದೇ ಯಂತ್ರ ತಿಳಿಯುತ್ತದೆ. ಫಿಲ್ಟರ್ ಬಿಚ್ಚಿದಾಗ ಬೊಗಸೆ ನೀರೂ ಬರಲಿಲ್ಲ, ಆದರೂ ನೀರು ಹೋಗಿಲ್ಲವೆಂದು ಯಂತ್ರ ದೂರುತ್ತಿದೆ ಎಂದಾದರೆ ಮೆಕ್ಯಾನಿಕ್ಕಿಗೆ ಈ ಪೈಪನ್ನು ನೋಡಲು ಹೇಳಿ.

ವಿಜಯನಗರ ನಿವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಚೈಲ್ಡ್ ಲಾಕ್ ಆಗಿರಲಿಲ್ಲ. ಪ್ಲಗ್ ಕಿತ್ತು ಫಿಲ್ಟರ್ ಸಡಿಲಿಸಿದಾಗ ಬೂದುಬಣ್ಣದ ನೀರು ತಟ್ಟೆ ತುಂಬಿ ತುಂಬಿ ಬಂತು. ಗಾಜಿನಲ್ಲಿ ಒಂದು ಹನಿಯೂ ಕಾಣದೆ ಇಷ್ಟು ನೀರು ಒಳಗಿತ್ತೆಂದು ಮನೆಯವರು ಯಾರೂ ಎಣಿಸಿರಲಿಲ್ಲ. ಫಿಲ್ಟರಿನ ಹಲ್ಲುಗಳಿಗೆ ಕೂದಲು ಮತ್ತು ದಾರದ ಎಳೆಗಳು ಸುತ್ತಿಕೊಂಡಿದ್ದವು, ಅದರ ಹಿಂದೆ ಮಗುವಿನ ಒಂದು ಕಾಲುಚೀಲ ಪಂಪಿನ ಬಾಯಿಗೆ ಅಡ್ಡವಾಗಿ ಕೂತಿತ್ತು. ಎಲ್ಲ ತೆಗೆದು ಫಿಲ್ಟರ್ ಬಿಗಿಮಾಡಿ, ಕರೆಂಟು ಕೊಟ್ಟು ಹಿಂಡುವ ಹಂತ ಹಾಕಿದೆ. ಮುಗಿದ ಸ್ವಲ್ಪ ಹೊತ್ತಿಗೆ ಟಕ್ ಎಂದು ಬಾಗಿಲು ತೆರೆಯಿತು. ಸಮವಸ್ತ್ರ ಈಗ ತಂತಿಯ ಮೇಲಿದೆ.

ಹೆಬ್ಬಾಳ, ಅಪಾರ್ಟ್‌ಮೆಂಟ್ ನಿವಾಸಿ

ಇದೇ ಚರ್ಚೆಯಲ್ಲಿ ನನ್ನದೊಂದು ಪ್ರಶ್ನೆಗೂ ಅವಕಾಶ ಕೊಡಿ. ನಮ್ಮದು ಟಾಪ್ ಲೋಡ್ ಯಂತ್ರ. ಮುಚ್ಚಳ ಸರಿಯಾಗಿಯೇ ಮುಚ್ಚಿರುತ್ತದೆ. ಒಗೆಯುವುದೂ ಜಾಲಿಸುವುದೂ ನಡೆಯುತ್ತದೆ, ಹಿಂಡುವ ಹೊತ್ತಿಗೆ ಮಾತ್ರ ಮುಚ್ಚಳ ತೆರೆದಿದೆ ಎಂದು ಪೀಪೀ ಎನ್ನುತ್ತ ನಿಲ್ಲುತ್ತದೆ.

ಯಶವಂತಪುರ, ದುರಸ್ತಿ ಕೆಲಸ

ಟಾಪ್ ಲೋಡ್ ಯಂತ್ರದಲ್ಲಿ ಮುಚ್ಚಳದ ಕೆಳಗೊಂದು ಸ್ವಿಚ್ ಇರುತ್ತದೆ. ಕೆಲವದರಲ್ಲಿ ಮುಚ್ಚಳದ ಪ್ಲಾಸ್ಟಿಕ್ ನಾಲಿಗೆ ಅದನ್ನು ಒತ್ತುತ್ತದೆ, ಕೆಲವದರಲ್ಲಿ ಮುಚ್ಚಳದೊಳಗಿನ ಅಯಸ್ಕಾಂತ ಅದಕ್ಕೆ ಸುಳಿವು ಕೊಡುತ್ತದೆ. ನಾಲಿಗೆಯ ತುದಿ ಮುರಿದಿದ್ದರೆ ಅಥವಾ ಮುಚ್ಚಳದ ಕೀಲು ಸವೆದು ಮುಚ್ಚಳ ಒಂದು ಪಕ್ಕಕ್ಕೆ ವಾಲಿದ್ದರೆ ಹೀಗಾಗುತ್ತದೆ. ಯಂತ್ರ ಪೀಪೀ ಎನ್ನುವಾಗ ಮುಚ್ಚಳದ ಎರಡು ಮೂಲೆಗಳನ್ನೂ ಒಂದೊಂದಾಗಿ ಮೆಲ್ಲಗೆ ಅದುಮಿ ನೋಡಿ. ಒಂದು ಕಡೆ ಅದುಮಿದಾಗ ಸುಮ್ಮನಾದರೆ ಸ್ವಿಚ್ ಇರುವುದು ಅಲ್ಲಿಯೇ. ಪರದೆಯ ಮೇಲಿನ ಅಕ್ಷರವನ್ನೂ ಗಮನಿಸಿ. ಎಲ್‌ಜಿ ಯಂತ್ರಗಳಲ್ಲಿ ಬಾಗಿಲಿನ ತೊಂದರೆಗೆ ‘ಡಿಇ’ ಎಂದೂ ನೀರು ಹೋಗದಿದ್ದರೆ ‘ಓಇ’ ಎಂದೂ ಬಟ್ಟೆ ಒಂದೇ ಕಡೆ ಗುಡ್ಡೆಯಾದರೆ ‘ಯುಇ’ ಎಂದೂ ಬರುತ್ತದೆ. ಸ್ಯಾಮ್‌ಸಂಗ್ ಯಂತ್ರಗಳಲ್ಲಿ ಬಾಗಿಲಿಗೆ ‘ಡಿಸಿ’ ಅಥವಾ ‘ಡಿಇ’. ಹಿಂಡುವಾಗ ನಿಲ್ಲುವ ಯಂತ್ರಗಳಲ್ಲಿ ಅನೇಕವು ನಿಂತಿರುವುದು ಬಟ್ಟೆಯ ಗುಡ್ಡೆಯಿಂದ, ಮುಚ್ಚಳದ ತಪ್ಪಿನಿಂದಲ್ಲ.

ಯಂತ್ರ ಯುಟಿಲಿಟಿಯಲ್ಲಿ, ಅಂದರೆ ಬಟ್ಟೆ ಪಾತ್ರೆ ತೊಳೆಯುವ ಜಾಗದಲ್ಲಿ, ಇದ್ದರೆ ಇಲಿಯನ್ನೂ ಮರೆಯಬೇಡಿ. ಬೆಂಗಳೂರಿನ ಮನೆಗಳಲ್ಲಿ ಯುಟಿಲಿಟಿಯ ಒಂದು ಪಕ್ಕ ಬರೀ ಗ್ರಿಲ್ ಇರುವುದರಿಂದ ಮಳೆಯ ಎರಚಲು ಬಂದು ಕೊಕ್ಕೆ ತುಕ್ಕು ಹಿಡಿಯುವುದೂ, ಯಂತ್ರದ ತಳದಿಂದ ನುಗ್ಗಿದ ಇಲಿ ಲಾಕಿಗೆ ಹೋಗುವ ವೈರ್ ಕಡಿಯುವುದೂ ಮಾಮೂಲು. ಲಾಕ್ ಬದಲಿಸಿದರೂ ತೊಂದರೆ ಹೋಗಲಿಲ್ಲ ಎನ್ನುವ ಮನೆಗಳಲ್ಲಿ ನಾನು ಮೊದಲು ನೋಡುವುದು ವೈರನ್ನು. ತಳಕ್ಕೆ ಇಲಿ ನುಗ್ಗದಂತೆ ಜಾಲರಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಕೆ.ಆರ್.ಪುರಂ ಓದುಗರು

ಬಾಗಿಲು ಸಿಕ್ಕಿಕೊಂಡಾಗ ಆತುರದಲ್ಲಿ ಅಂತರ್ಜಾಲದಲ್ಲಿ ಹುಡುಕಿ ಮೊದಲು ಕಂಡ ಕಸ್ಟಮರ್ ಕೇರ್ ನಂಬರಿಗೆ ಕರೆ ಮಾಡುವವರು ಎಚ್ಚರವಾಗಿರಬೇಕು. ಕಂಪನಿಯ ಹೆಸರಿನಲ್ಲಿ ನಕಲಿ ನಂಬರುಗಳು ಇರುತ್ತವೆ. ನೋಂದಣಿಗೆಂದು ಸಣ್ಣ ಮೊತ್ತ ಕೇಳಿ, ಫೋನಿಗೆ ಯಾವುದೋ ಆ್ಯಪ್ ಹಾಕಿಸಿ, ಖಾತೆಗೇ ಕನ್ನ ಹಾಕುತ್ತಾರೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿರುವ ನಂಬರನ್ನೇ ಬಳಸಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಾರಂಟಿ ಇದ್ದೂ ಕಂಪನಿಯವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ವಿಜಯನಗರ ನಿವಾಸಿ

ಮತ್ತೆ ತೊಂದರೆ ಕೊಡುತ್ತಿದ್ದೇನೆ. ನೀರಿನ ಸಮಸ್ಯೆ ಮುಗಿಯಿತು, ಆದರೆ ಈಗ ಬಾಗಿಲು ಮುಚ್ಚಿ ಸ್ಟಾರ್ಟ್ ಒತ್ತಿದರೆ ಕೆಲವೊಮ್ಮೆ ಯಂತ್ರ ಹೊರಡುವುದೇ ಇಲ್ಲ. ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಒತ್ತಿ ಹಿಡಿದರೆ ಹೊರಡುತ್ತದೆ. ಮೊದಲೇ ಹೇಳಿದ್ದ ಮೆಕ್ಯಾನಿಕ್ ಬಂದು ನೋಡಿದರು. ಲಾಕ್ ಸೋತಿದೆ, ಹೊಸದು ತರಿಸಲು ದಿನ ಹಿಡಿಯುತ್ತದೆ, ಸದ್ಯಕ್ಕೆ ವೈರುಗಳನ್ನು ಸೇರಿಸಿ ಡೈರೆಕ್ಟ್ ಮಾಡಿಕೊಡುತ್ತೇನೆ, ಯಂತ್ರ ಸಲೀಸಾಗಿ ಓಡುತ್ತದೆ ಎಂದರು. ನಾಳೆ ತಿಳಿಸುತ್ತೇನೆಂದು ಹೇಳಿ ಕಳುಹಿಸಿದ್ದೇನೆ. ಹಾಗೆ ಮಾಡಿಸಬಹುದೇ?

ಜಯನಗರ, ನಿವೃತ್ತ ವಿದ್ಯುತ್ ಎಂಜಿನಿಯರ್

ದಯವಿಟ್ಟು ಮಾಡಿಸಬೇಡಿ. ಒಂದು ದಿನದ ಮಟ್ಟಿಗೂ ಬೇಡ. ಡೈರೆಕ್ಟ್ ಮಾಡುವುದೆಂದರೆ ಬಾಗಿಲು ತೆರೆದಿದ್ದರೂ ಮುಚ್ಚಿದೆಯೆಂದು ಯಂತ್ರಕ್ಕೆ ಸುಳ್ಳು ಹೇಳಿಸುವುದು. ಲೆಕ್ಕ ಹಾಕಿ ನೋಡಿ: ಸುಮಾರು 48 ಸೆಂಟಿಮೀಟರ್ ಅಡ್ಡಳತೆಯ ಡ್ರಮ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ. ಆ ವೇಗದಲ್ಲಿರುವ ಡ್ರಮ್ಮಿನೊಳಗಿನ ಒದ್ದೆ ಬಟ್ಟೆಗೆ ಮಗುವಿನ ಕೈ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ತಡೆಯಲೆಂದೇ ಬಾಗಿಲಿಗೆ ಲಾಕ್ ಇಟ್ಟಿರುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವಾಗಂತೂ ಡೈರೆಕ್ಟ್ ಮಾಡಿದ ಯಂತ್ರವನ್ನು ಒಮ್ಮೆಯೂ ಚಾಲೂ ಮಾಡಬಾರದು. ಹೊಸ ಲಾಕ್ ಬರುವ ತನಕ ಕೈಯಲ್ಲಿ ಒಗೆದುಕೊಳ್ಳಿ, ಇಲ್ಲವೇ ಹತ್ತಿರದ ಲಾಂಡ್ರಿಗೆ ಕೊಡಿ.

ಯಶವಂತಪುರ, ದುರಸ್ತಿ ಕೆಲಸ

ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಮ್ಮ ಕಸುಬಿನವರು ಕೆಲವರು ಗಿರಾಕಿಯ ಆತುರಕ್ಕೆ ಕಟ್ಟುಬಿದ್ದು ಹಾಗೆ ಮಾಡುತ್ತಾರೆ, ಅದು ತಪ್ಪು.

ಬಾಗಿಲನ್ನು ಮೇಲಕ್ಕೆತ್ತಿದರೆ ಹೊರಡುತ್ತದೆ ಎಂಬ ನಿಮ್ಮ ಮಾತು ಬೇರೊಂದು ಕಡೆಗೂ ಬೆರಳು ತೋರಿಸುತ್ತಿದೆ. ಗಾಜಿನಿಂದಾಗಿ ಬಾಗಿಲು ಭಾರವಾಗಿರುತ್ತದೆ. ಒದ್ದೆ ಬಟ್ಟೆ ತೆಗೆಯುವಾಗ ಅದರ ಮೇಲೆ ಕೈ ಊರುವುದರಿಂದ, ಮಕ್ಕಳು ಜೋತುಬೀಳುವುದರಿಂದ ಹಿಂಜ್ ಸಡಿಲವಾಗಿ ಬಾಗಿಲು ಒಂದೆಳೆ ಇಳಿದಿರುತ್ತದೆ. ಆಗ ಕೊಕ್ಕೆ ಲಾಕಿನ ಸಂದಿಗೆ ನೇರವಾಗಿ ಹೋಗದೆ ಅದರ ಕೆಳ ಅಂಚಿಗೆ ಉಜ್ಜುತ್ತದೆ. ಬೆಳಕಿನಲ್ಲಿ ಆ ಸಂದಿನ ಕೆಳ ಅಂಚನ್ನು ನೋಡಿದರೆ ಉಜ್ಜಿದ ಗೆರೆ ಕಾಣಬೇಕು. ಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಡಿದರೆ ಪ್ಲಗ್ ಕಿತ್ತು ಹಿಂಜಿನ ಸ್ಕ್ರೂಗಳನ್ನು, ಇನ್ನೊಬ್ಬರು ಬಾಗಿಲನ್ನು ಎತ್ತಿ ಹಿಡಿದಿರುವಾಗ, ಬಿಗಿಮಾಡಿ. ಅನೇಕ ಯಂತ್ರಗಳಲ್ಲಿ ಆ ಸ್ಕ್ರೂಗಳ ತಲೆ ನಕ್ಷತ್ರದಾಕಾರದಲ್ಲಿರುತ್ತದೆ, ಅಂಥದಕ್ಕೆ ತಕ್ಕ ಬಿಟ್ ಇಲ್ಲದೆ ಸಾದಾ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತದೆ. ಹಿಂಜ್ ಸರಿಯಾದ ಮೇಲೂ ಯಂತ್ರ ಹಟ ಮಾಡಿದರೆ ಲಾಕ್ ಬದಲಿಸೋಣ.

ಲಾಕ್ ಬದಲಿಸುವುದು ಅಂಥ ದೊಡ್ಡ ಕೆಲಸವಲ್ಲ. ಪ್ಲಗ್ ಕಿತ್ತ ಮೇಲೆ, ಬಾಗಿಲಿನ ಬಾಯಿಯ ಸುತ್ತ ಇರುವ ರಬ್ಬರ್ ಗ್ಯಾಸ್ಕೆಟ್ಟಿನ ಹೊರ ಅಂಚನ್ನು ಬಿಗಿದಿರುವ ತಂತಿಯ ಬಳೆಯನ್ನು ಅದರ ಸ್ಪ್ರಿಂಗ್ ಇರುವ ಕಡೆ ಎಬ್ಬಿಸಿ ತೆಗೆಯಬೇಕು. ಲಾಕ್ ಇರುವ ಬದಿಯಲ್ಲಿ ರಬ್ಬರನ್ನು ಅಂಚಿನಿಂದ ಬಿಡಿಸಿ ಒಳಕ್ಕೆ ಮಡಿಸಬೇಕು. ಲಾಕಿನ ಸ್ಕ್ರೂಗಳನ್ನು ಬಿಚ್ಚುವಾಗ ಇನ್ನೊಂದು ಕೈಯಿಂದ ಒಳಗಡೆ ಅದನ್ನು ಹಿಡಿದಿರಬೇಕು, ಇಲ್ಲವಾದರೆ ಅದು ಕೆಳಗೆ ಬಿದ್ದು ಹುಡುಕಾಡಬೇಕಾಗುತ್ತದೆ. ವೈರ್ ಬಿಡಿಸುವ ಮುನ್ನ ಫೋಟೋ ತೆಗೆದುಕೊಳ್ಳಿ. ಹಳೆಯ ಲಾಕಿನ ಮೇಲಿರುವ ಪಾರ್ಟ್ ನಂಬರನ್ನೇ ಹೇಳಿ ಹೊಸದು ಕೊಳ್ಳಬೇಕು. ನೋಡಲು ಒಂದೇ ತರಹ ಕಾಣುವ ಲಾಕುಗಳಲ್ಲಿ ಪಿನ್ನುಗಳ ಜೋಡಣೆ ಬೇರೆಯಿರುತ್ತದೆ, ತಪ್ಪು ಲಾಕ್ ಹಾಕಿದರೆ ಬೋರ್ಡೇ ಸುಡಬಹುದು. ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆ ಹೋಗುವುದಾದರೆ ಹಳೆಯ ಲಾಕನ್ನೇ ಕೈಯಲ್ಲಿ ಹಿಡಿದು ಹೋಗಿ.

ಜಯನಗರ, ನಿವೃತ್ತ ವಿದ್ಯುತ್ ಎಂಜಿನಿಯರ್

ಈ ಕೊನೆಯ ಕೆಲಸವನ್ನು ರೂಢಿಯಿಲ್ಲದವರು ಮಾಡಬಾರದೆಂಬುದು ನನ್ನ ಅಭಿಪ್ರಾಯ. ಆ ತಂತಿಯ ಬಳೆಯನ್ನು ಮತ್ತೆ ಕೂರಿಸುವುದು ಹೇಳಿದಷ್ಟು ಸುಲಭವಲ್ಲ. ರಬ್ಬರ್ ಒಂದೆಡೆ ಅಂಚು ತಪ್ಪಿದರೂ ನೀರು ಸೋರಿ, ಕೆಳಗಿರುವ ವಿದ್ಯುತ್ ಭಾಗಗಳ ಮೇಲೆ ಬೀಳುತ್ತದೆ. ಮಲ್ಟಿಮೀಟರ್ ಬಳಸಲು ಬಲ್ಲವರು ಹೊಸ ಲಾಕ್ ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷಿಸಬಹುದು: ಪಟ್ಟಿಯ ಲಾಕ್ ಆದರೆ, ತಣ್ಣಗಿರುವಾಗ ಹೀಟರಿನ ಎರಡು ಪಿನ್ನುಗಳ ನಡುವೆ ಸಾಮಾನ್ಯವಾಗಿ ಕೆಲವು ನೂರರಿಂದ ಒಂದೂವರೆ ಸಾವಿರ ಓಮ್ ಆಸುಪಾಸಿನ ಅಳತೆ ಬರಬೇಕು. ಏನೂ ತೋರಿಸದಿದ್ದರೆ ಹೀಟರ್ ಸತ್ತಿದೆ.

ಯಶವಂತಪುರ, ದುರಸ್ತಿ ಕೆಲಸ

ಸೋರುವ ಭಯ ನಿಜವಾದದ್ದೇ. ಆದ್ದರಿಂದ ಬಳೆ ಹಾಕಿದ ಮೇಲೆ ರಬ್ಬರಿನ ಅಂಚಿನ ಸುತ್ತ ಬೆರಳಾಡಿಸಿ ಎಲ್ಲೂ ಉಬ್ಬಿಲ್ಲವೆಂದು ಖಚಿತಪಡಿಸಿಕೊಂಡು, ಬಟ್ಟೆಯಿಲ್ಲದೆ ಒಂದು ಸಲ ಜಾಲಿಸಿ ನೋಡಬೇಕು. ಅನುಮಾನವಿದ್ದವರು ಕಸುಬುದಾರರನ್ನೇ ಕರೆಸಲಿ, ಆದರೆ ಪಕ್ಕದಲ್ಲಿ ನಿಂತು ನೋಡಲಿ.

ರಾಜಾಜಿನಗರ ಓದುಗರು

ಬಾಗಿಲಿನಿಂದ ನೀರು ಸೋರುವ ಮಾತು ಬಂದದ್ದರಿಂದ ಒಂದು ವಿಷಯ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಮನೆಗಳಲ್ಲಿ ಗಾಜಿನ ಬಟ್ಟಲಿನ ಸುತ್ತಲೂ ರಬ್ಬರಿನ ಮಡಿಕೆಯಲ್ಲೂ ಬಿಳಿಯ ಪೊರೆ ಗಟ್ಟಿಯಾಗಿ ಕಟ್ಟುತ್ತದೆ. ಕಾವೇರಿ ನೀರಿನಲ್ಲಿ ಇದು ಕಡಿಮೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇದೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಅಷ್ಟು ಗಡಸು ನೀರಿನಲ್ಲಿ ರಬ್ಬರ್ ಮತ್ತು ಗಾಜು ಕೂಡುವ ಜಾಗ ಒರಟಾಗಿ, ಬಾಗಿಲು ಬಿಗಿಯಾಗಿ ಕೂರುವುದಿಲ್ಲ. ಒದ್ದೆ ಬಟ್ಟೆಯಿಂದ ಆ ಮಡಿಕೆಯನ್ನೂ ಗಾಜಿನ ಹೊರಮೈಯನ್ನೂ ವಾರಕ್ಕೊಮ್ಮೆ ಒರೆಸುವುದು ಸಾಕು. ಚಾಕು, ಸ್ಟೀಲ್ ನಾರು ಮುಟ್ಟಿಸಬೇಡಿ. ಸೋಪಿನ ಪುಡಿ ಹೆಚ್ಚಾಗಿ ನೊರೆ ಉಕ್ಕಿದಾಗಲೂ ಬಾಗಿಲಿನಿಂದ ಸೋರುತ್ತದೆ, ಅದಕ್ಕೆ ಫ್ರಂಟ್ ಲೋಡ್ ಪುಡಿಯನ್ನೇ ಅಳತೆಯಲ್ಲಿ ಹಾಕಬೇಕು.

ವಿಜಯನಗರ ನಿವಾಸಿ

ಡೈರೆಕ್ಟ್ ಮಾಡುವುದು ಬೇಡವೆಂದು ಮೆಕ್ಯಾನಿಕ್ಕಿಗೆ ತಿಳಿಸಿದೆ. ಸಂದಿನ ಕೆಳ ಅಂಚಿನಲ್ಲಿ ಹೇಳಿದಂತೆಯೇ ಬೆಳ್ಳಗೆ ಉಜ್ಜಿದ ಗೆರೆ ಇತ್ತು. ತಮ್ಮನನ್ನು ಬಾಗಿಲು ಎತ್ತಿ ಹಿಡಿಯಲು ಹೇಳಿ ಹಿಂಜಿನ ಸ್ಕ್ರೂಗಳನ್ನು ಬಿಗಿಮಾಡಿದ ಮೇಲೆ ಯಂತ್ರ ಎತ್ತಿ ಹಿಡಿಯದೆಯೇ ಹೊರಡುತ್ತಿದೆ; ಲಾಕ್ ಬದಲಿಸುವ ಅಗತ್ಯ ಸದ್ಯಕ್ಕೆ ಕಾಣುತ್ತಿಲ್ಲ. ಕೊನೆಯದಾಗಿ ಒಂದು ಸಂದೇಹ: ವಾಸನೆ ಬಾರದಿರಲಿ ಎಂದು ಒಗೆದ ಮೇಲೆ ಬಾಗಿಲನ್ನು ತೆರೆದಿಡಲು ಹೇಳುತ್ತಾರೆ, ಆದರೆ ನಮ್ಮ ತಮ್ಮನ ಮಗುವಿಗೆ ಎರಡು ವರ್ಷ, ಎಲ್ಲದರೊಳಗೂ ತಲೆ ಹಾಕುತ್ತದೆ.

ಬನಶಂಕರಿ ಗೃಹಿಣಿ

ನಮ್ಮ ಮನೆಯಲ್ಲೂ ಅದೇ ವಯಸ್ಸಿನ ಮೊಮ್ಮಗ ಇದ್ದಾನೆ ಸರ್. ಒಗೆದ ಕೂಡಲೇ ರಬ್ಬರಿನ ಮಡಿಕೆಯನ್ನು ಒಣಬಟ್ಟೆಯಿಂದ ಒರೆಸಿ, ದೊಡ್ಡವರು ಯಾರಾದರೂ ಹತ್ತಿರವಿರುವಷ್ಟು ಹೊತ್ತು ಬಾಗಿಲು ತೆರೆದಿಟ್ಟು, ಆಮೇಲೆ ಮುಚ್ಚುತ್ತೇವೆ. ರಾತ್ರಿ ಮಗು ಮಲಗಿದ ಮೇಲೆ ಮತ್ತೆ ಸ್ವಲ್ಪ ತೆರೆಯುತ್ತೇವೆ. ಯುಟಿಲಿಟಿಯ ಬಾಗಿಲಿಗೆ ಮೇಲಿನ ಚಿಲಕ ಹಾಕಿರುತ್ತದೆ. ಚೈಲ್ಡ್ ಲಾಕ್ ಇದೆಯೆಂದು ನಿಶ್ಚಿಂತರಾಗಬೇಡಿ. ಹಲವು ಯಂತ್ರಗಳಲ್ಲಿ ಅದು ಗುಂಡಿಗಳನ್ನು ಮಾತ್ರ ತಡೆಯುತ್ತದೆ, ಖಾಲಿ ಯಂತ್ರದ ಬಾಗಿಲನ್ನು ಮಗು ಎಳೆದರೆ ಅದು ತೆರೆಯುತ್ತದೆ. ಬಟ್ಟೆ ಹಾಕಿ ಸ್ಟಾರ್ಟ್ ಒತ್ತುವ ಮೊದಲು ಡ್ರಮ್ಮಿನೊಳಗೆ ಕೈಯಾಡಿಸಿ ನೋಡುವ ರೂಢಿ ಇಟ್ಟುಕೊಳ್ಳಿ.